ಬಾವಿ ಕ್ರೇನಿಗೆ ಜಾಯ್‌ಸ್ಟಿಕ್: ಕೈ ಬಿಟ್ಟರೆ ನಿಲ್ಲಬೇಕು

ನಮ್ಮ ಸಾಸ್ವೆಹಳ್ಳಿ ಕಡೆ ಮಳೆ ನಂಬಿ ಜೋಳ, ರಾಗಿ ಮಾಡುವವರಲ್ಲಿ ಹಳೇ ತೆರೆದ ಬಾವಿಯ ಹೂಳೆತ್ತಿಸುವವರು ಈಗಲೂ ಇದ್ದಾರೆ. ನಾವು ನಾಲ್ಕು ಮನೆಯವರು ಸೇರಿ 3 ಎಚ್.ಪಿ. ಮೋಟಾರಿನ ಕ್ರೇನು ಮಾಡಿಕೊಂಡಿದ್ದೇವೆ. ಅದರ ಜಾಯ್‌ಸ್ಟಿಕ್ ಹಿಡಿಯ ವೈರಿಂಗ್ ನಾನೂ ಕೂತು ಕಲಿತೆ. ಬಾವಿಯೊಳಗೆ ಆಳು ಇರ್ತಾರೆ, ತಲೆ ಮೇಲೆ ಮಣ್ಣಿನ ಬಕೆಟ್ಟು ಇರ್ತದೆ. ಆದ್ದರಿಂದ ಜೋಡಣೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಆಗಲಿ, ಆದರೆ ಏನು ಮಾಡಿದ ಅನ್ನೋದು ನಮಗೆ ತಿಳಿದಿರಲಿ.

ಪಂಪಿನ ಸ್ಟಾರ್ಟರಿಗೂ ಇದಕ್ಕೂ ವ್ಯತ್ಯಾಸ

ಪಂಪಿನ ಸ್ಟಾರ್ಟರಿನಲ್ಲಿ ಹಸಿರು ಗುಂಡಿ ಒತ್ತಿ ಕೈ ತೆಗೆದರೂ ಮೋಟಾರು ಓಡ್ತಿರ್ತದೆ. ಕಾಂಟ್ಯಾಕ್ಟರಿನ ಪಕ್ಕದ ಪಾಯಿಂಟು ಕಾಯಿಲನ್ನು ಹಿಡಿದಿಟ್ಟುಕೊಳ್ಳೋದೇ ಕಾರಣ. ಕ್ರೇನಿಗೆ ಈ ಹಿಡಿತದ ವೈರು ಹಾಕಲೇಬಾರದು. ಹಿಡಿ ಸ್ಪ್ರಿಂಗಿನಿಂದ ತಾನೇ ನಡುವಿಗೆ ಬರಬೇಕು, ಮೋಟಾರು ನಿಲ್ಲಬೇಕು. ಕರೆಂಟು ಬಂದ ಕೂಡಲೇ ಪಂಪು ಶುರುವಾಗಲಿ ಅಂತ ನಾವು ಹಾಕುವ ಆಟೋ ಸ್ವಿಚ್ಚೂ ಇಲ್ಲಿ ಬೇಡ.

ವೈರು ಹೋಗುವ ದಾರಿ

ಮೇಲಕ್ಕೊಂದು, ಕೆಳಕ್ಕೊಂದು, ಎರಡು ಕಾಂಟ್ಯಾಕ್ಟರ್ ಬೇಕು. ಎರಡನೆಯದರಲ್ಲಿ ಮೂರು ಫೇಸಿನ ಪೈಕಿ ಎರಡನ್ನು ಅದಲು ಬದಲು ಮಾಡಿದರೆ ಮೋಟಾರು ತಿರುಗಿ ಸುತ್ತುತ್ತದೆ. ಎರಡೂ ಒಟ್ಟಿಗೆ ಎಳೆದರೆ ಫೇಸಿಗೆ ಫೇಸು ತಾಗಿ ಸುಟ್ಟು ಹೋಗ್ತದೆ.

ಒದ್ದೆ ಕೈಯಲ್ಲಿ ಹಿಡಿಯುವ ವಸ್ತುವಿಗೆ 415 ವೋಲ್ಟ್ ತರಬಾರದು. ಸಣ್ಣ ಟ್ರಾನ್ಸ್‌ಫಾರ್ಮರಿನಿಂದ 24 ವೋಲ್ಟ್ ಮಾಡಿಕೊಂಡು, 24 ವೋಲ್ಟಿನದೇ ಕಾಯಿಲ್ ಹಾಕಿಸಿ. ಆಮೇಲೆ ಕ್ರಮ ಹೀಗೆ:

1. ಟ್ರಾನ್ಸ್‌ಫಾರ್ಮರಿನ ಒಂದು ತುದಿಯಿಂದ ಫ್ಯೂಸು.
2. ಅಲ್ಲಿಂದ ಕೆಂಪು ಅಣಬೆ ತಲೆಯ ಸ್ಟಾಪ್ ಗುಂಡಿ.
3. ಅಲ್ಲಿಂದ ಓವರ್‌ಲೋಡ್ ರಿಲೇಯ 95–96 ಪಾಯಿಂಟು, ಆಮೇಲೆ ಫೇಸ್ ಕಾಯುವ ರಿಲೇಯ ಪಾಯಿಂಟು.
4. ಅಲ್ಲಿಂದ ಜಾಯ್‌ಸ್ಟಿಕ್ಕಿನ ಎರಡೂ ಪಾಯಿಂಟುಗಳಿಗೆ ಒಂದೇ ವೈರು.
5. 'ಮೇಲೆ' ಪಾಯಿಂಟಿನಿಂದ ಮೇಲಿನ ಲಿಮಿಟ್ ಸ್ವಿಚ್, ಅಲ್ಲಿಂದ 'ಕೆಳಗೆ' ಕಾಂಟ್ಯಾಕ್ಟರಿನ ಎನ್.ಸಿ. ಪಾಯಿಂಟು, ಕೊನೆಗೆ 'ಮೇಲೆ' ಕಾಯಿಲ್. ಕೆಳಗಿನದೂ ಇದೇ ರೀತಿ, ತಿರುವುಮುರುವು.
6. ಎರಡೂ ಕಾಯಿಲ್‌ಗಳ ಇನ್ನೊಂದು ತುದಿ ಟ್ರಾನ್ಸ್‌ಫಾರ್ಮರಿನ ಎರಡನೇ ತುದಿಗೆ. ಆ ತುದಿಗೆ ಅರ್ತ್ ಕೊಡಬೇಕು. ವೈರಿನ ಸಿಪ್ಪೆ ಕಿತ್ತು ಚೌಕಟ್ಟಿಗೆ ತಾಗಿದರೆ ಫ್ಯೂಸು ಹೋಗ್ತದೆ, ಮೋಟಾರು ತಾನಾಗಿ ಓಡುವುದಿಲ್ಲ.

ಎನ್.ಸಿ. ಅಂದರೆ ಸುಮ್ಮನಿದ್ದಾಗ ಕೂಡಿಕೊಂಡಿರುವ ಪಾಯಿಂಟು. ಸ್ಟಾಪ್ ಗುಂಡಿ, ಲಿಮಿಟ್ ಸ್ವಿಚ್ ಎರಡಕ್ಕೂ ಅದೇ ಬೇಕು. ಇಲಿ ವೈರು ಕಡಿದರೂ ಕ್ರೇನು ನಿಲ್ತದೆ.

ಬ್ರೇಕು ಸ್ಪ್ರಿಂಗಿನಿಂದ ಹಿಡಿಯುವ, ಕರೆಂಟಿನಿಂದ ಬಿಡುವ ಜಾತಿಯದೇ ಆಗಿರಲಿ. ಕರೆಂಟು ಹೋದರೆ ಬಕೆಟ್ಟು ಇದ್ದಲ್ಲೇ ನಿಲ್ಲಬೇಕು.

ಲೈನ್ ಕೆಲಸ ಆದ ಮೇಲೆ ಎಚ್ಚರ

ಟಿ.ಸಿ. ಬದಲಿಸಿದ ಮೇಲೆ ಬೋರಿನ ಮೋಟಾರು ಉಲ್ಟಾ ತಿರುಗಿ ನೀರು ಕಡಿಮೆ ಬಂದದ್ದನ್ನು ಕಂಡವರು ಬಹಳ ಜನ. ಪಂಪಿನಲ್ಲಿ ಹೋಗೋದು ನೀರು, ಕ್ರೇನಿನಲ್ಲಿ ಹೋಗೋದು ಪ್ರಾಣ. ಫೇಸು ಅದಲು ಬದಲಾದರೆ 'ಕೆಳಗೆ' ಅಂತ ಹಿಡಿ ಒತ್ತಿದಾಗ ಬಕೆಟ್ಟು ಮೇಲೆ ಹೋಗ್ತದೆ. ಆಗ ಮೇಲಿನ ಲಿಮಿಟ್ ಸ್ವಿಚ್ಚೂ ತಡೆಯುವುದಿಲ್ಲ, ಯಾಕೆಂದರೆ ಅದು ಇರುವುದು 'ಮೇಲೆ' ದಾರಿಯಲ್ಲಿ. ಹಗ್ಗ ಕಿತ್ತು ಬಕೆಟ್ಟು ಬೀಳುವುದೇ ಮುಂದಿನ ಮಾತು. ಆದ್ದರಿಂದ ಒಂದು ಫೇಸು ಹೋದರೂ, ಫೇಸಿನ ಕ್ರಮ ತಪ್ಪಿದರೂ ಕಡಿಯುವ ರಿಲೇ ಬೇಕೇ ಬೇಕು. ಮೊದಲು ರಿಲೇಗೆ ಸರಿಹೊಂದುವಂತೆ ಬರುವ ಲೈನು ಜೋಡಿಸಿ. ಆಮೇಲೆ ದಿಕ್ಕು ತಪ್ಪಿದ್ದರೆ ಮೋಟಾರಿನ ತುದಿಯಲ್ಲಿ ಎರಡು ವೈರು ಬದಲಿಸಿ. ಮುಂದೆ ಯಾವಾಗಲಾದರೂ ರಿಲೇ ಕಡಿದರೆ ಬರುವ ಲೈನನ್ನೇ ನೋಡಬೇಕು, ರಿಲೇ ಬೈಪಾಸ್ ಮಾಡಬಾರದು.

ಡ್ರೈವ್ ಹಾಕುವವರಿಗೆ

ಈಗ ವೇಗ ಹೆಚ್ಚು ಕಡಿಮೆ ಮಾಡುವ ಡ್ರೈವ್ ಸಿಗ್ತದೆ. ಅದರ ಜಾಯ್‌ಸ್ಟಿಕ್ಕು ಹಿಡಿ ಬಾಗಿದಷ್ಟು ವೋಲ್ಟ್ ಕೊಡ್ತದೆ. 0ರಿಂದ 10 ವೋಲ್ಟಿನದಾದರೆ ನಡುವೆ 5. ಹಿಡಿ ಸರಿಯಾಗಿ ಐದಕ್ಕೇ ನಿಲ್ಲೋದಿಲ್ಲ, ಅದಕ್ಕೇ ನಡುವಿನ ಆಚೀಚೆ ಸ್ವಲ್ಪ ಜಾಗ ಸತ್ತ ಜಾಗ ಅಂತ ಡ್ರೈವಿನಲ್ಲಿ ಹೊಂದಿಸಬೇಕು. ಇನ್ನೊಂದು ಅಪಾಯ ನೋಡ್ರಿ: ಈ ವೈರು ಕಡಿದರೆ 0 ವೋಲ್ಟ್ ಆಗಬಹುದು. ಡ್ರೈವು ಅದನ್ನು ಒಂದು ಕಡೆಗೆ ಪೂರ್ತಿ ವೇಗ ಅಂತ ತಿಳೀತದೆ! ಹಿಡಿ ನಡುವಿನಿಂದ ಸರಿದಾಗ ಮಾತ್ರ ಕೂಡುವ ಬೇರೆ ಪಾಯಿಂಟಿನಿಂದ 'ಓಡು' ಅನ್ನುವ ಅಪ್ಪಣೆ ಕೊಡಿಸಬೇಕು. ಆಗ ಕೈ ಬಿಟ್ಟರಂತೂ ನಿಲ್ತದೆ. ಬ್ರೇಕಿನ ವೈರನ್ನು ಡ್ರೈವಿನಿಂದ ಮೋಟಾರಿಗೆ ಹೋಗುವ ವೈರಿಗೆ ಕಟ್ಟಬಾರದು, ಡ್ರೈವಿನ ರಿಲೇಯ ಮೂಲಕ ಬೇರೆ ಕರೆಂಟು ಕೊಡಬೇಕು.

ಕೆಲಸಕ್ಕೆ ಮುಂಚೆ ದಿನಾ ನೋಡಬೇಕಾದ್ದು

• ಬಾವಿಯಲ್ಲಿ ಯಾರೂ ಇಲ್ಲದಾಗ ಖಾಲಿ ಬಕೆಟ್ಟು ಏರಿಸಿ, ಇಳಿಸಿ ದಿಕ್ಕು ನೋಡಿ.
• ಓಡುವಾಗ ಹಿಡಿ ಬಿಡಿ, ಸ್ಟಾಪ್ ಒತ್ತಿ. ಎರಡರಲ್ಲೂ ನಿಲ್ಲಬೇಕು.
• ಮೇಲಿನ ಲಿಮಿಟ್ ಸ್ವಿಚ್ಚನ್ನು ಕೋಲಿನಿಂದ ಒತ್ತಿ ನೋಡಿ.
• ಬಕೆಟ್ಟು ತಳ ಮುಟ್ಟಿದಾಗಲೂ ಡ್ರಮ್ಮಿನಲ್ಲಿ ಮೂರು ನಾಲ್ಕು ಸುತ್ತು ಹಗ್ಗ ಉಳಿದಿರಬೇಕು. ಹಗ್ಗ ಪೂರ್ತಿ ಬಿಚ್ಚಿದರೆ ಹಿಂದುಮುಂದಾಗಿ ಸುತ್ತಿಕೊಳ್ತದೆ.
• ಹಿಡಿಯ ಭಾರ ವೈರಿನ ಮೇಲೆ ಬೀಳದಂತೆ ಸಣ್ಣ ಸರಪಳಿ ಇರಲಿ.
• ಓವರ್‌ಲೋಡ್ ರಿಲೇ ಮೋಟಾರಿನ ಹೆಸರು ಪಟ್ಟಿಯ ಆಂಪಿಯರಿಗೇ ಇರಲಿ.

ಬಕೆಟ್ಟಿನಲ್ಲಿ ಆಳು ಇಳಿಯಕೂಡದು, ಬಕೆಟ್ಟು ಏರುವಾಗ ಅದರ ಕೆಳಗೆ ನಿಲ್ಲಕೂಡದು. ವೈರಿಂಗ್ ಎಷ್ಟೇ ಚೆನ್ನಾಗಿದ್ದರೂ ಈ ಎರಡು ಮಾತಿಗೆ ರಿಯಾಯಿತಿ ಇಲ್ಲ. ಕೂಲಿಯವನೂ ಸಂಜೆ ಮನೆಗೆ ಹೋಗಬೇಕು.