ಬೊಳ್ಳ ನೀರಿಗೆ ಹಾರಿದ ದಿನ



ಮೇ ತಿಂಗಳು ಮಕ್ಕಳಿಗೆ ರಜೆ. "ಒಮ್ಮೆ ಕಡಲ ಬದಿಗೆ ಹೋಗಿ ಬರುವ" ಎಂಬ ಮಾತು ಮನೆಯಲ್ಲಿ ಏಳುವ ಕಾಲ. ನಿಮ್ಮ ಮನೆಯಲ್ಲೂ ಎದ್ದಿರಬಹುದು. ನಾವೂ ಒಮ್ಮೆ ಹೀಗೆ ಹೋದೆವು. ಆ ದಿನದ ಕಥೆಯೇ ಈ ಪಾಠ.

2025ರ ಮೇ 22, ಗುರುವಾರ. ಬದಿಯಡ್ಕ ಕಡೆಯ ನಮ್ಮ ಕಲಿಕಾ ಕೇಂದ್ರದ 9 ಮಂದಿ, ಅವರ ಮಕ್ಕಳು, ಒಂದು ಜೀಪು, ಒಂದು ಆಟೋ. ಜೊತೆಗೆ ಎರಡು ನಾಯಿ. ಕಪ್ಪು ನಾಯಿ ಕರಿಯ, ಬಿಳಿ ನಾಯಿ ಬೊಳ್ಳ. ಮನೆಯಲ್ಲಿ ಅನ್ನ ಹಾಕುವವರಿಲ್ಲ ಎಂದು ಒಬ್ಬ ಅಕ್ಕ ಅವನ್ನೂ ಜೀಪಿಗೆ ಹತ್ತಿಸಿದ್ದರು. ಎರಡು ಮೂರು ದಿನ ಮಳೆ ಸುರಿದಿತ್ತು. ಆ ದಿನ ಬೆಳಿಗ್ಗೆ ಹೊಳವಾಗಿತ್ತು. ಬಿಸಿಲೂ ಬಂತು. ಕುಂಬಳೆಯಿಂದ ಸ್ವಲ್ಪ ದೂರದ ಕಡಲ ಬದಿಗೆ ಹೋದೆವು.

ಕಡಲಿಗೆ ಇಳಿಯುವ ದಾರಿಯಲ್ಲಿ ಒಂದು ಬೋರ್ಡು ಇತ್ತು. ಮಲಯಾಳದಲ್ಲಿ ಬರೆದದ್ದು. ನಮ್ಮ ಕೇಂದ್ರದವರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಒಬ್ಬ ಅಕ್ಕ ಕೇಳಿದರು:

"ಟೀಚರೇ, ಅದರಲ್ಲಿ ಎಂತ ಬರೆದದ್ದು?"

ನಾನು ಬುತ್ತಿ ಇಳಿಸುವ ಗಡಿಬಿಡಿಯಲ್ಲಿದ್ದೆ. "ಅದು ಯಾವಾಗಲೂ ಇರುವ ಬೋರ್ಡು ಅಕ್ಕ" ಎಂದೆ. ನನಗೆ ಎರಡೂ ಭಾಷೆ ಓದಲು ಬರುತ್ತದೆ. ಆದರೂ ನಾನು ಓದಲಿಲ್ಲ. ಬಿ.ಎ. ಮಾಡಿದವರ ಅವಸ್ಥೆ ಇದು, ನೋಡಿ. ಹೊಸತಾಗಿ ಓದಲು ಕಲಿತವರು ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು, ಬೆಂಕಿಪೊಟ್ಟಣ ಒಂದನ್ನೂ ಬಿಡುವುದಿಲ್ಲ. ನಮ್ಮ ಕಣ್ಣು ಮಾತ್ರ ಅದರ ಮೇಲೆ ಜಾರಿ ಹೋಗುತ್ತದೆ.

ಮಕ್ಕಳು ಮರಳಿನಲ್ಲಿ ಆಡಿದರು. ಬೊಳ್ಳ ತೆರೆಯ ಹಿಂದೆ ಓಡಿತು, ತೆರೆ ಬಂದಾಗ ಹಿಂದಕ್ಕೆ ಓಡಿತು. ಕರಿಯ ಮಾತ್ರ ಜೀಪಿನ ಅಡಿಗೆ ಹೋಗಿ ಮಲಗಿತು. ಎಷ್ಟು ಕರೆದರೂ ಬರಲಿಲ್ಲ. ಗಂಟೆ 11 ಆಗಿರಬಹುದು. ತೆಂಕು ದಿಕ್ಕಿನಿಂದ ಒಂದು ಸಣ್ಣ ವಿಮಾನ ಬಂತು. ಬಹಳ ಕೆಳಗೆ, ನೀರಿನ ಮೇಲೆಯೇ ಹಾರುತ್ತಿತ್ತು. ದೂರದಲ್ಲಿದ್ದ ಬೋಟುಗಳ ಮೇಲೆ ಒಂದು ಸುತ್ತು ಹಾಕಿತು. ಮಕ್ಕಳು ಕೈ ಬೀಸಿ ಕುಣಿದರು. ನಾವೂ ಕೈ ಬೀಸಿದೆವು.

ಅದು ಆಟಕ್ಕೆ ಬಂದ ವಿಮಾನ ಅಲ್ಲ. ನಮ್ಮ ಕರಾವಳಿಯಲ್ಲಿ ಕೋಸ್ಟ್ ಗಾರ್ಡಿನವರು ಡಾರ್ನಿಯರ್ ಎಂಬ ಸಣ್ಣ ವಿಮಾನ ಹಾರಿಸುತ್ತಾರೆ. ಎರಡು ಇಂಜಿನು, ಹೆಚ್ಚೆಂದರೆ 19 ಮಂದಿ ಕೂರಬಹುದು. ಬೆಂಗಳೂರು ಮೂಲದ ಹಿಂದೂಸ್ತಾನ್ ಏರೋನಾಟಿಕ್ಸ್ ಕಂಪೆನಿ ತನ್ನ ಕಾನ್ಪುರದ ಕಾರ್ಖಾನೆಯಲ್ಲಿ ಅದನ್ನು ಕಟ್ಟುತ್ತದೆ. ಗಾಳಿ ಮಳೆ ಬರುವ ಮೊದಲು ಆ ವಿಮಾನ ಕಡಲ ಮೇಲೆ ಹೋಗಿ ವಯರ್‌ಲೆಸ್ಸಿನಲ್ಲಿ ಬೋಟಿನವರಿಗೆ "ದಡಕ್ಕೆ ಹೋಗಿ" ಎಂದು ಹೇಳುತ್ತದೆ. ಬೋಟಿನ ವಯರ್‌ಲೆಸ್ಸಿನಲ್ಲಿ 16ನೇ ಚಾನೆಲ್ ಇಂಥ ತುರ್ತು ಮಾತಿಗೇ ಇರುವುದು.

ಫೋನು ಮಾಡಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ದಡದಿಂದ ಸ್ವಲ್ಪ ದೂರ ಹೋದರೆ ಮೊಬೈಲಿಗೆ ರೇಂಜ್ ಇಲ್ಲ. ವಯರ್‌ಲೆಸ್ಸಿನ ಮಾತು ನೇರ ಗೆರೆಯಲ್ಲಿ ಹೋಗುತ್ತದೆ. ಭೂಮಿ ಉರುಟು ತಾನೇ? ದಡದಿಂದ ಆಡಿದ ಮಾತು ದೂರದ ಬೋಟಿಗೆ ಮುಟ್ಟುವುದಿಲ್ಲ. ಎತ್ತರದಲ್ಲಿರುವ ವಿಮಾನದಿಂದ ಆಡಿದರೆ ಮುಟ್ಟುತ್ತದೆ. 2017ರ ನವೆಂಬರ್ ಕೊನೆಗೆ ಓಖಿ ಚಂಡಮಾರುತ ಬಂದಾಗ ತೆಂಕಣ ಕೇರಳದ, ಕನ್ಯಾಕುಮಾರಿಯ ಮೀನುಗಾರರು ಆಗಲೇ ಆಳ ಕಡಲಿನಲ್ಲಿದ್ದರು. ಎಚ್ಚರಿಕೆ ಅವರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ. ನೂರಾರು ಮಂದಿ ಮನೆಗೆ ಬರಲೇ ಇಲ್ಲ.

ವಿಮಾನ ಬೋಟಿನವರ ಹತ್ತಿರ ಮಾತಾಡುತ್ತದೆ. ದಡದಲ್ಲಿರುವ ನಮ್ಮ ಹತ್ತಿರ ಮಾತಾಡುವುದು ಬೋರ್ಡು, ಕೆಂಪು ಬಾವುಟ, ಆಟೋಕ್ಕೆ ಕಟ್ಟಿದ ಮೈಕು, ಫೋನಿಗೆ ಬರುವ ಸಂದೇಶ. ಬೋರ್ಡನ್ನು ನಾನು ಆಗಲೇ ಬಿಟ್ಟಿದ್ದೆ.

ವಿಮಾನ ಹೋಗಿ ಸ್ವಲ್ಪ ಹೊತ್ತಿಗೆ ಮಕ್ಕಳ ಚೆಂಡು ನೀರಿಗೆ ಬಿತ್ತು. ಬೊಳ್ಳ ಅದರ ಹಿಂದೆ ಹಾರಿತು. ಅದು ಹಾರಿದ ಜಾಗದಲ್ಲಿ ತೆರೆಯೇ ಇರಲಿಲ್ಲ. ಆಚೆ ಈಚೆ ನೊರೆ, ನಡುವೆ ಮಾತ್ರ ಕೆರೆಯ ಹಾಗೆ ಶಾಂತ. ನೋಡುತ್ತಾ ಇದ್ದ ಹಾಗೆ ಚೆಂಡೂ ನಾಯಿಯೂ ಒಳಗೆ ಒಳಗೆ ಹೋದವು. ಆ ಅಕ್ಕನ ಮಗ, 12 ವರ್ಷದವ, "ಬೊಳ್ಳಾ!" ಎಂದು ಕೂಗಿ ನೀರಿಗೆ ಓಡಿದ. ಸೊಂಟದವರೆಗೆ ನೀರು. ಮರುಕ್ಷಣ ಕಾಲಡಿಯ ಮರಳು ಜಾರಿತು. ತಲೆ ಮಾತ್ರ ಕಾಣುತ್ತಿತ್ತು.

ಅವನ ಅಮ್ಮ ಓಡಿದರು. ನಾನೂ ಓಡಿದೆ. ನಮಗಿಬ್ಬರಿಗೂ ಈಜು ಬರುವುದಿಲ್ಲ. ಅಲ್ಲೇ ಬಲೆ ಸರಿಮಾಡುತ್ತಿದ್ದ ಒಬ್ಬ ಅಜ್ಜ ನಮ್ಮನ್ನು ಬೈದು ತಡೆದರು. "ನೀರಿಗೆ ಇಳಿದರೆ ಮೂರು ಹೆಣ" ಎಂದರು. ಮುಚ್ಚಳ ಹಾಕಿದ ಒಂದು ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಎಸೆದರು. ಮೊದಲ ಸಲ ಸಿಗಲಿಲ್ಲ. ಎರಡನೇ ಸಲ ಹುಡುಗ ಕ್ಯಾನನ್ನು ತಬ್ಬಿಕೊಂಡ. ನಾಲ್ಕು ಮಂದಿ ಹಗ್ಗ ಎಳೆದರು.

ಬೊಳ್ಳ ಎಂತ ಆಯಿತು? ಅದು ಸುಮಾರು ನೂರು ಮೀಟರ್ ಆಚೆ ತನ್ನಷ್ಟಕ್ಕೆ ದಡ ಹತ್ತಿ, ಮೈ ಕೊಡವಿ, ಬಾಲ ಅಲ್ಲಾಡಿಸಿಕೊಂಡು ಬಂತು.

ಇಲ್ಲಿ ಸ್ವಲ್ಪ ನಿಲ್ಲುವ. ಕಡಲಿನಲ್ಲಿ ತೆರೆ ಒಡೆಯದ ಜಾಗ ಶಾಂತವಾಗಿ ಕಾಣುತ್ತದೆ. ಅಪಾಯ ಅಲ್ಲೇ ಉಂಟು. ದಡಕ್ಕೆ ನುಗ್ಗಿದ ನೀರು ಹಿಂದೆ ಹೋಗಲು ಒಂದು ದಾರಿ ಬೇಕು. ಅದು ಆ ಶಾಂತ ಜಾಗದಿಂದ ಹೊಳೆಯ ಹಾಗೆ ಹೊರಗೆ ಹರಿಯುತ್ತದೆ. ಇದಕ್ಕೆ ಸೆಳೆತ ಎನ್ನುತ್ತಾರೆ. ಸೆಳೆತಕ್ಕೆ ಸಿಕ್ಕಿದವರು ನೇರ ದಡದ ಕಡೆ ಈಜಿದರೆ ಕೈ ಸೋಲುತ್ತದೆ. ದಡದ ಉದ್ದಕ್ಕೆ, ಅಡ್ಡಕ್ಕೆ ಈಜಬೇಕು. ಸೆಳೆತ ಅಗಲ ಇರುವುದಿಲ್ಲ, ಸ್ವಲ್ಪ ಅಡ್ಡ ಹೋದರೆ ತಪ್ಪುತ್ತದೆ. ಈಜು ಬಾರದವರು ತೇಲುತ್ತಾ ಕೈ ಎತ್ತಿ ಕೂಗಬೇಕು. ನಾಯಿ ನೀರಿಗೆ ಬಿದ್ದರೆ ಹಿಂದೆ ಹೋಗಬೇಡಿ. ಅದು ಹತ್ತಬಹುದಾದ ಜಾಗಕ್ಕೆ ದಡದಲ್ಲೇ ನಡೆದು ಹೋಗಿ ಕರೆಯಿರಿ. ಮನುಷ್ಯ ಬಿದ್ದರೆ ತೇಲುವ ವಸ್ತು ಎಸೆಯಿರಿ. ಕ್ಯಾನು, ಟ್ಯೂಬು, ಒಣ ತೆಂಗಿನಕಾಯಿಯ ಗೊಂಚಲು, ಯಾವುದೂ ಆದೀತು.

ಆಮೇಲೆ ಬೋರ್ಡಿನ ಹತ್ತಿರ ಹೋಗಿ ಓದಿದೆ. "ಕಡಲ್ ಕ್ಷೋಭಂ. ಕಡಲಿಲ್ ಇರಙರುತ್" ಎಂದಿತ್ತು. ಕಡಲು ಕೆರಳಿದೆ, ಕಡಲಿಗೆ ಇಳಿಯಬೇಡಿ. ಆ ಅಕ್ಕ ಏನೂ ಹೇಳಲಿಲ್ಲ. ಮಗನ ತಲೆ ಒರೆಸುತ್ತಾ ಇದ್ದರು. ಅವರು ಬೈದಿದ್ದರೆ ನನಗೆ ಹಗುರ ಆಗುತ್ತಿತ್ತು.

ಎರಡೇ ದಿನದಲ್ಲಿ, ಮೇ 24ಕ್ಕೆ, ಮುಂಗಾರು ಕೇರಳಕ್ಕೆ ಬಂತು. ವಾಡಿಕೆಯ ದಿನ ಜೂನ್ 1. ಅದೇ ದಿನ ಅರಬ್ಬಿ ಕಡಲಿನ ವಾಯುಭಾರ ಕುಸಿತ ರತ್ನಾಗಿರಿ ಕಡೆ ದಡ ಸೇರಿತು. "ಅದು ಮಹಾರಾಷ್ಟ್ರದಲ್ಲಿ ಅಲ್ವಾ, ನಮಗೆಂತ?" ಎಂದು ಒಬ್ಬರು ತರಗತಿಯಲ್ಲಿ ಕೇಳಿದರು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ದಡ ಸೇರಿದ್ದು ಗುಜರಾತಿನಲ್ಲಿ. ಆದರೆ ನಮ್ಮ ಉಪ್ಪಳದ ಮುಸೋಡಿಯಲ್ಲಿ ಎರಡು ಮಾಳಿಗೆಯ ಮನೆ ಕುಸಿದು ಬಿತ್ತು. ಗಾಳಿ ದೂರದಲ್ಲಿ, ತೆರೆ ಹತ್ತಿರದಲ್ಲಿ.

ಇನ್ನೊಂದು ಉಂಟು. ಮಲಯಾಳದಲ್ಲಿ "ಕಳ್ಳಕ್ಕಡಲ್" ಎನ್ನುತ್ತಾರೆ. ನಮಗೆ ಅರ್ಥ ಹೇಳಬೇಕಾಗಿಲ್ಲ, ಕಳ್ಳ ಕಡಲು. ಸಾವಿರಾರು ಕಿಲೋಮೀಟರ್ ದೂರ, ಹಿಂದೂ ಮಹಾಸಾಗರದ ತೆಂಕಣದಲ್ಲಿ ಬಿರುಗಾಳಿ ಎದ್ದು ಎಬ್ಬಿಸಿದ ತೆರೆಗಳು ದಿನಗಟ್ಟಲೆ ನಡೆದು ನಮ್ಮ ದಡಕ್ಕೆ ಬರುತ್ತವೆ. ಇಲ್ಲಿ ಗಾಳಿ ಇಲ್ಲ, ಮಳೆ ಇಲ್ಲ, ಆಕಾಶ ನೀಲಿ. ನೀರು ಮಾತ್ರ ಕಳ್ಳನ ಹಾಗೆ ಮೇಲೆ ಬರುತ್ತದೆ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಕಡಲ ಬದಿಯಲ್ಲಿ 5 ಮಂದಿ ವೈದ್ಯಕೀಯ ವಿದ್ಯಾರ್ಥಿಗಳು ಇಂಥ ತೆರೆಗೆ ಸಿಕ್ಕಿ ತೀರಿಕೊಂಡರು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಮೊದಲೇ ಎಚ್ಚರಿಕೆ ಕೊಟ್ಟಿತ್ತು. ಆಕಾಶ ನೋಡಿದರೆ ಇದು ಗೊತ್ತಾಗುವುದಿಲ್ಲ.

"ಕರಿಯನಿಗೆ ಗೊತ್ತಿತ್ತು ಟೀಚರೇ" ಎಂದು ನಮ್ಮವರು ಈಗಲೂ ಹೇಳುತ್ತಾರೆ. ಇರಬಹುದು. ನಾಯಿಗೆ ನಮಗಿಂತ ಚೆನ್ನಾಗಿ ಕಿವಿ ಕೇಳುತ್ತದೆ. ಆದರೆ ಬೊಳ್ಳನೂ ನಾಯಿಯೇ ಅಲ್ವಾ? ಎರಡು ನಾಯಿಯಲ್ಲಿ ಯಾವುದನ್ನು ನಂಬುವುದು? ಅದಕ್ಕಿಂತ ಬಣ್ಣ ಓದಲು ಕಲಿಯುವುದು ಸುಲಭ. ಹವಾಮಾನ ಇಲಾಖೆಯ ಹಳದಿ ಎಂದರೆ ಗಮನ ಇಡಿ. ಕಿತ್ತಳೆ ಎಂದರೆ ಸಿದ್ಧರಾಗಿ. ಕೆಂಪು ಎಂದರೆ ಕೂಡಲೇ ಸುರಕ್ಷಿತ ಜಾಗದಲ್ಲಿರಿ. ಮಳೆಯ ಲೆಕ್ಕದಲ್ಲಿ ಕೆಂಪು ಅಂದರೆ ಒಂದು ದಿನದಲ್ಲಿ 20 ಸೆಂಟಿಮೀಟರಿಗಿಂತ ಹೆಚ್ಚು. ಕೆಂಪು ಇರುವ ದಿನ ಮನೆ ಬಿಟ್ಟು ಹೋಗಬೇಕಾಗಿ ಬಂದರೆ ನಾಯಿ, ದನ, ಆಡುಗಳ ಹಗ್ಗ ಬಿಚ್ಚಿ. ಕಟ್ಟಿಹಾಕಿದ ಪ್ರಾಣಿ ನೀರು ಬಂದರೆ ಎಲ್ಲಿಗೆ ಹೋದೀತು?

ಈ ಮೂರು ನಂಬರು ಗೋಡೆಯ ಕ್ಯಾಲೆಂಡರಿನಲ್ಲಿ ದೊಡ್ಡದಾಗಿ ಬರೆದಿಡಿ. ಎಲ್ಲ ತುರ್ತಿಗೆ 112. ಕಡಲಿನಲ್ಲಿ ಅಪಾಯಕ್ಕೆ, ಕೋಸ್ಟ್ ಗಾರ್ಡ್, 1554. ಜಿಲ್ಲೆಯ ವಿಪತ್ತು ಕೊಠಡಿ 1077.

ಅಭ್ಯಾಸ

1. ಸೆಳೆತ ಇರುವ ಜಾಗ ನೋಡಲು ಹೇಗಿರುತ್ತದೆ? ಎರಡು ಸಾಲು ಬರೆಯಿರಿ.

2. ಬೊಳ್ಳ ನೀರಿಗೆ ಹಾರಿದಾಗ ಹುಡುಗ ಏನು ಮಾಡಬೇಕಿತ್ತು? ಮನೆಯ ಮಕ್ಕಳಿಗೆ ಹೇಳಿ, ಅವರು ಏನೆಂದರು ಎಂದು ಬರೆಯಿರಿ.

3. ನಿಮ್ಮ ಊರಿನ ಕಡಲ ಬದಿಯಲ್ಲೋ ಹೊಳೆಯ ಬದಿಯಲ್ಲೋ ಇರುವ ಎಚ್ಚರಿಕೆಯ ಬೋರ್ಡು ಯಾವ ಭಾಷೆಯಲ್ಲಿದೆ? ಓದಲು ಬಾರದಿದ್ದರೆ ಬರುವವರಿಂದ ಕೇಳಿ ತಿಳಿದು, ಕನ್ನಡದಲ್ಲಿ ಬರೆದು ಮುಂದಿನ ತರಗತಿಗೆ ತನ್ನಿ. "ಅದು ಯಾವಾಗಲೂ ಇರುವ ಬೋರ್ಡು" ಎಂದು ಯಾರಾದರೂ ಹೇಳಿದರೆ, ಇನ್ನೊಮ್ಮೆ ಕೇಳಿ.