ಸಂವಹನ ವಿದ್ಯೆಯನ್ನು ಆರಿಸಿಕೊಳ್ಳುವ ಮುನ್ನ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಿಂದ ನಮ್ಮ ಶಾಲೆಗೆ ಬರುವ ಹೆಣ್ಣುಮಕ್ಕಳಲ್ಲಿ ಕೆಲವರು ಈಚೆಗೆ, “ಅಕ್ಕಾವರೇ, ವಿಶ್ವವಿದ್ಯಾಲಯದಲ್ಲಿ ನಾವು ಪತ್ರಿಕೋದ್ಯಮ ಮತ್ತು ಸಮೂಹ ಸಂವಹನವನ್ನು ಓದಬಹುದೇ?” ಎಂದು ಕೇಳುತ್ತಿರುವರು. ತಾಯ್ತಂದೆಗಳ ಪ್ರಶ್ನೆಯಾದರೋ ಬೇರೆ: “ಅದನ್ನೋದಿದರೆ ನೌಕರಿ ಸಿಕ್ಕೀತೇ? ರಾತ್ರಿ ಹೊತ್ತು ದುಡಿಯಬೇಕಾದೀತೇ?” ಎರಡೂ ಪ್ರಶ್ನೆಗಳು ನ್ಯಾಯವಾದವುಗಳೇ. ಆದಕಾರಣ ಈ ಸಂಚಿಕೆಯಲ್ಲಿ ಅವುಗಳನ್ನು ಕುರಿತು ಎರಡು ಮಾತುಗಳನ್ನು ಬರೆಯುತ್ತೇವೆ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಕನ್ನಡದ ಮೊದಲನೆಯ ವರ್ತಮಾನಪತ್ರವಾದ ‘ಮಂಗಳೂರ ಸಮಾಚಾರ’ವನ್ನು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು 1843ರಲ್ಲಿ ಹೊರಡಿಸಿದರು. ಹೆಂಗಸರಿಗೂ ಇದು ಹೊಸದಲ್ಲ. ನಂಜನಗೂಡಿನ ತಿರುಮಲಾಂಬಾ ಅವರು ‘ಕರ್ನಾಟಕ ನಂದಿನಿ’ಯನ್ನು ನಡೆಯಿಸಿದರು, ಆರ್. ಕಲ್ಯಾಣಮ್ಮನವರು 1921ರಲ್ಲಿ ‘ಸರಸ್ವತಿ’ಯನ್ನು ಆರಂಭಿಸಿದರು. ನಮ್ಮ ಹಾವೇರಿ ಸೀಮೆಯ ಗಳಗನಾಥರು ಪತ್ರಿಕೆಯನ್ನು ನಡೆಯಿಸಿದ್ದಲ್ಲದೆ, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರಿಗೆ ಹೋಗಿ ಮಾರಿದರು. ಓದುಗನ ಮನೆಯ ಬಾಗಿಲಿನವರೆಗೆ ಹೋಗುವ ಶ್ರಮವೇ ಈ ವಿದ್ಯೆಯ ತಿರುಳು.

ಇಂದು ಇದರಲ್ಲಿ ವರದಿ, ಸಂಪಾದನೆ, ಆಕಾಶವಾಣಿ, ದೂರದರ್ಶನ, ಜಾಹೀರಾತು, ಅಂತರಜಾಲ ಮುಂತಾದ ಶಾಖೆಗಳಿರುವವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ, 2003ರಲ್ಲಿ ಸ್ಥಾಪಿತವಾದ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿಯೂ ಇದನ್ನು ಕಲಿಸುತ್ತಾರೆ. ದಿನಪತ್ರಿಕೆ ರಾತ್ರಿಯಲ್ಲಿ ಅಚ್ಚಾಗುವುದರಿಂದ ಅಲ್ಲಿಯ ಸಂಪಾದಕವರ್ಗಕ್ಕೆ ರಾತ್ರಿಯ ದುಡಿಮೆ ತಪ್ಪದು. ಎಲ್ಲ ಶಾಖೆಗಳಲ್ಲಿ ಹಾಗಿಲ್ಲ. ಆರಂಭದ ಸಂಬಳವು ಹಲವೆಡೆ ಅಲ್ಪವೇ. ಇದನ್ನು ಮರೆಮಾಚುವುದು ಸರಿಯಲ್ಲ.

ಹಾಗಾದರೆ ಯಾರು ಓದಬೇಕು? ನಮ್ಮ ಶಾಲೆಯ ಗೋಡೆಪತ್ರಿಕೆಯಲ್ಲಿ ಸವಣೂರಿನ ಕಡೆಯ ಒಬ್ಬ ಹುಡುಗಿಯು ವೀಳ್ಯದೆಲೆಯ ದರವನ್ನು ಒಬ್ಬರ ಮಾತು ಕೇಳಿ ತಪ್ಪಾಗಿ ಬರೆದಿದ್ದಳು. ಯಾರೂ ಹೇಳದಿದ್ದರೂ ಮರುದಿನ ಸಂತೆಗೆ ಹೋಗಿ, ಮೂವರು ವ್ಯಾಪಾರಿಗಳನ್ನು ವಿಚಾರಿಸಿ ಬಂದು, “ನಿನ್ನೆ ಬರೆದದ್ದು ತಪ್ಪು” ಎಂದು ತನ್ನ ಕೈಯಿಂದಲೇ ತಿದ್ದಿ ಬರೆದಳು. ಆಕೆ ತರಗತಿಯಲ್ಲಿ ಹೆಚ್ಚು ಮಾತನಾಡುವವಳಲ್ಲ. ಚೆನ್ನಾಗಿ ಭಾಷಣ ಮಾಡುವ ಹುಡುಗಿಯರಿಗೇ ಈ ವಿದ್ಯೆ ತಕ್ಕದ್ದೆಂದು ನಾವು ಅಲ್ಲಿಯವರೆಗೆ ತಿಳಿದಿದ್ದೆವು. ಆ ತಿದ್ದುಪಡಿಯನ್ನು ಓದಿದ ದಿನ ನಮ್ಮ ಎಣಿಕೆಯನ್ನೂ ನಾವು ತಿದ್ದಿಕೊಂಡೆವು.

ಆದಕಾರಣ, ವಿದ್ಯಾರ್ಥಿನಿಯರೇ, ನಿಮ್ಮನ್ನು ನೀವೇ ಮೂರು ಪ್ರಶ್ನೆ ಕೇಳಿಕೊಳ್ಳಿರಿ. ಅಪರಿಚಿತರ ಮಾತನ್ನು ತಾಳ್ಮೆಯಿಂದ ಕೇಳಬಲ್ಲೆನೋ? ಕೇಳಿದ್ದನ್ನು ಇನ್ನೊಮ್ಮೆ ವಿಚಾರಿಸುವೆನೋ? ತಪ್ಪಿದರೆ ಹತ್ತು ಜನರ ಮುಂದೆ ಒಪ್ಪಿಕೊಳ್ಳುವೆನೋ? ಮೂರಕ್ಕೂ ಹೌದೆಂದರೆ ಧೈರ್ಯವಾಗಿ ಮುಂದುವರಿಯಿರಿ. ಇನ್ನೂ ಸಂಶಯವಿದ್ದರೆ ಮೊದಲು ಕನ್ನಡವನ್ನೋ, ಇತಿಹಾಸವನ್ನೋ, ಅರ್ಥಶಾಸ್ತ್ರವನ್ನೋ ಓದಿ ಪದವಿ ಪಡೆಯಿರಿ. ಬೇರೆ ವಿಷಯಗಳ ಪದವೀಧರರಿಗೂ ಸ್ನಾತಕೋತ್ತರ ತರಗತಿಯ ಬಾಗಿಲು ಸಾಮಾನ್ಯವಾಗಿ ತೆರೆದಿರುವುದು. ಕಲಿತ ವಿಷಯವು ಬರೆಯುವವಳಿಗೆ ಬುತ್ತಿಯಾಗುವುದು.

ತಾಯ್ತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೇ: ರಾತ್ರಿಯ ಭಯದಿಂದಲೇ ಬೇಡವೆನ್ನದಿರಿ, ಪರದೆಯ ಮೋಹದಿಂದಲೇ ಹೂಂ ಅನ್ನದಿರಿ. ಮಗಳನ್ನು ಹತ್ತಿರ ಕೂರಿಸಿಕೊಂಡು ಆ ಮೂರು ಪ್ರಶ್ನೆಗಳನ್ನು ಕೇಳಿರಿ. ಆಕೆಯ ಉತ್ತರವನ್ನು ಕೊನೆಯವರೆಗೂ ಆಲಿಸಿರಿ.