ದೋಣಿಯ ಇಂಧನ ತೊಟ್ಟಿಗೆ ಮಟ್ಟ ಸಂವೇದಕ: ಅಳವಡಿಕೆಯ ಕ್ರಮ

ಮುಂಬಯಿ ಮಹಾನಗರದ ಬದುಕಿನಲ್ಲಿ ಸಮುದ್ರಕ್ಕೆ ಇರುವ ಸ್ಥಾನ ಹಿರಿದಾದುದು. ಕೊಲಾಬಾದಲ್ಲಿ 1875 ರಲ್ಲಿ ನಿರ್ಮಾಣಗೊಂಡ ಸಸೂನ್ ಡಾಕ್, ಪೂರ್ವ ತೀರದ ಭಾವುಚಾ ಧಕ್ಕೆ, ಉಪನಗರಗಳಾದ ವೆರ್ಸೋವಾ ಮತ್ತು ಮಢದ ಕೋಳಿವಾಡಗಳು ಇಂದಿಗೂ ಮೀನುಗಾರಿಕೆಯ ಪ್ರಮುಖ ನೆಲೆಗಳಾಗಿವೆ. ಈ ತೀರದ ಮೂಲ ನಿವಾಸಿಗಳಾದ ಕೋಳಿ ಜನರೊಂದಿಗೆ ಕರ್ನಾಟಕದ ಕರಾವಳಿಯಿಂದ ಬಂದ ಮೊಗವೀರರೂ ಈ ನಗರದಲ್ಲಿ ದೀರ್ಘಕಾಲದಿಂದ ನೆಲೆಸಿದ್ದಾರೆ. ಅವರ ಸಂಸ್ಥೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯು ಮುಂಬಯಿಯಲ್ಲಿ ಸ್ಥಾಪನೆಯಾದುದು 1902 ರಲ್ಲಿ.

ಆಳಸಮುದ್ರಕ್ಕೆ ಹೋಗುವ ಯಾಂತ್ರಿಕ ದೋಣಿಯು ಹಲವು ದಿನಗಳವರೆಗೆ ದಡದಿಂದ ದೂರವಿರುತ್ತದೆ. ಅಂತಹ ದೋಣಿಯಲ್ಲಿ ಡೀಸೆಲ್ ಮುಗಿದರೆ ಯಂತ್ರ ನಿಲ್ಲುತ್ತದೆ. ಯಂತ್ರ ನಿಂತ ದೋಣಿಯು ಅಲೆಗೆ ಮುಖಮಾಡಿ ನಿಲ್ಲಲಾರದೆ ಅಡ್ಡಲಾಗಿ ತಿರುಗುತ್ತದೆ. ಗಾಳಿ ಮತ್ತು ಪ್ರವಾಹಗಳು ಒಯ್ದ ಕಡೆಗೆ ಸಾಗುತ್ತದೆ. ದೊಡ್ಡ ಹಡಗುಗಳು ನಿರಂತರವಾಗಿ ಸಂಚರಿಸುವ ಮುಂಬಯಿಯಂತಹ ಬಂದರಿನ ಹೊರವಲಯದಲ್ಲಿ ಇದರ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ತೊಟ್ಟಿಯಲ್ಲಿ ಉಳಿದಿರುವ ಇಂಧನವೆಷ್ಟು ಎಂಬುದು ಲೆಕ್ಕಪತ್ರದ ಪ್ರಶ್ನೆ ಮಾತ್ರವಲ್ಲ, ದೋಣಿಯಲ್ಲಿರುವವರ ಜೀವದ ಪ್ರಶ್ನೆಯೂ ಹೌದು. ಈ ಪಾಠದಲ್ಲಿ ಇಂಧನ ತೊಟ್ಟಿಗೆ ಮಟ್ಟ ಸಂವೇದಕವನ್ನು ಅಳವಡಿಸಿ, ಅದನ್ನು ದೋಣಿಯ ವಿದ್ಯುನ್ಮಾನ ಜಾಲಕ್ಕೆ ಜೋಡಿಸುವ ಕ್ರಮವನ್ನು ವಿವರಿಸಲಾಗಿದೆ.

ಅಳತೆಕೋಲು ಮತ್ತು ಅದರ ಮಿತಿ

ತೊಟ್ಟಿಯ ಬಾಯಿಯಿಂದ ಕೋಲನ್ನು ಇಳಿಸಿ, ಒದ್ದೆಯಾದ ಭಾಗವನ್ನು ನೋಡಿ ಡೀಸೆಲಿನ ಪ್ರಮಾಣವನ್ನು ಅಂದಾಜು ಮಾಡುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಇದು ಸರಳವಾದುದು, ವಿದ್ಯುತ್ತು ಬೇಡ, ಕೆಡುವ ಭಾಗವಿಲ್ಲ. ಆದರೆ ರಾತ್ರಿಯ ವೇಳೆ, ದೋಣಿ ಹೊಯ್ದಾಡುತ್ತಿರುವಾಗ, ಯಂತ್ರದ ಕೋಣೆಗೆ ಇಳಿದು ಕೋಲಿನಿಂದ ಅಳೆಯುವುದು ಕಷ್ಟ. ಅಳೆಯಬೇಕೆಂಬ ನೆನಪು ಬಾರದೆ ಹೋಗುವುದೂ ಉಂಟು. ಸಂವೇದಕವಿದ್ದಲ್ಲಿ ಚುಕ್ಕಾಣಿಯ ಮುಂದಿನ ಪರದೆಯ ಮೇಲೆ, ದಿಕ್ಕು, ವೇಗ ಮತ್ತು ಆಳಗಳ ಜೊತೆಯಲ್ಲಿಯೇ ಇಂಧನದ ಮಟ್ಟವೂ ಸದಾ ಕಾಣುತ್ತಿರುತ್ತದೆ.

ಸಂವೇದಕದ ವಿಧಗಳು

ಬಳಕೆಯಲ್ಲಿರುವ ಸಂವೇದಕಗಳಲ್ಲಿ ಮುಖ್ಯವಾದವು ಮೂರು. ಮೊದಲನೆಯದು ತೇಲುಬುರುಡೆಯ ಸಂವೇದಕ. ಇದರಲ್ಲಿ ಬುರುಡೆಯು ದ್ರವದೊಂದಿಗೆ ಏರಿಳಿದಂತೆ ವಿದ್ಯುತ್ ರೋಧವು ಬದಲಾಗುತ್ತದೆ. ಯುರೋಪಿನ ರೂಢಿಯಲ್ಲಿ ಖಾಲಿ ತೊಟ್ಟಿಗೆ 10 ಓಮ್, ತುಂಬಿದ ತೊಟ್ಟಿಗೆ 180 ಓಮ್; ಅಮೆರಿಕದ ರೂಢಿಯಲ್ಲಿ ಖಾಲಿಗೆ 240 ಓಮ್, ತುಂಬಿದಾಗ 33 ಓಮ್. ಇವೆರಡೂ ಒಂದಕ್ಕೊಂದು ವಿರುದ್ಧ ದಿಕ್ಕಿನವು. ಒಂದು ರೂಢಿಯ ಸಂವೇದಕವನ್ನು ಇನ್ನೊಂದು ರೂಢಿಯ ಮಾಪಕಕ್ಕೆ ಜೋಡಿಸಿದರೆ, ತೊಟ್ಟಿ ಬರಿದಾಗುತ್ತ ಬಂದಂತೆ ಮಾಪಕವು ತುಂಬುತ್ತಿರುವಂತೆ ತೋರಿಸುವ ಸಂಭವವಿದೆ. ಎರಡನೆಯದು ಧಾರಣಶಕ್ತಿಯ ಸಂವೇದಕ. ಇದರಲ್ಲಿ ಚಲಿಸುವ ಭಾಗವಿಲ್ಲ. ಆದರೆ ಡೀಸೆಲಿಗೂ ನೀರಿಗೂ ವಿದ್ಯುತ್ ಗುಣ ಬೇರೆಯಾದ ಕಾರಣ, ಯಾವ ದ್ರವಕ್ಕಾಗಿ ತಯಾರಾದುದೋ ಅದಕ್ಕೇ ಬಳಸಬೇಕು. ಮೂರನೆಯದು ಶ್ರವಣಾತೀತ ತರಂಗಗಳಿಂದ ಮೇಲ್ಮೈಯ ದೂರವನ್ನು ಅಳೆಯುವಂತಹುದು. ಇದು ದ್ರವವನ್ನು ಮುಟ್ಟುವುದಿಲ್ಲ.

ಜಾಲದ ರಚನೆ

ದೋಣಿಯ ಉಪಕರಣಗಳು ಪರಸ್ಪರ ಮಾತನಾಡಲು ಒಂದು ಸಮಾನ ಭಾಷೆ ಬೇಕು. ಅಮೆರಿಕದ ರಾಷ್ಟ್ರೀಯ ಸಾಗರ ವಿದ್ಯುನ್ಮಾನ ಸಂಘವು ರೂಪಿಸಿದ ಎನ್‌ಎಂಇಎ 2000 ಎಂಬ ಮಾನಕವು ಅಂತಹ ಭಾಷೆಯಾಗಿದೆ. ಮೋಟಾರು ವಾಹನಗಳಿಗಾಗಿ ಜರ್ಮನಿಯ ಬಾಷ್ ಸಂಸ್ಥೆಯು ಅಭಿವೃದ್ಧಿಪಡಿಸಿ 1986 ರಲ್ಲಿ ಪ್ರಕಟಿಸಿದ ಕ್ಯಾನ್ ಎಂಬ ಸಂವಹನ ವಿಧಾನವೇ ಇದಕ್ಕೆ ಆಧಾರ. ಇದರ ವೇಗ ಸೆಕೆಂಡಿಗೆ 250 ಕಿಲೋಬಿಟ್.

ಜಾಲದ ರಚನೆಯನ್ನು ಒಂದು ಊರಿನ ಹೆದ್ದಾರಿಗೆ ಹೋಲಿಸಬಹುದು. ದೋಣಿಯ ಉದ್ದಕ್ಕೂ ಹಾದುಹೋಗುವ ಒಂದು ಬೆನ್ನೆಲುಬು ತಂತಿ ಇರುತ್ತದೆ. ಅದರ ನಡುವೆ ಅಲ್ಲಲ್ಲಿ ಟಿ ಆಕಾರದ ಜೋಡಣೆಗಳಿದ್ದು, ಪ್ರತಿಯೊಂದರಿಂದ ಒಂದು ಕವಲು ತಂತಿಯು ಉಪಕರಣಕ್ಕೆ ಹೋಗುತ್ತದೆ. ಒಂದು ಕವಲು 6 ಮೀಟರಿಗಿಂತ ಉದ್ದವಿರಬಾರದು. ಬೆನ್ನೆಲುಬಿನ ಎರಡು ತುದಿಗಳಲ್ಲಿಯೂ 120 ಓಮ್‌ನ ಅಂತ್ಯರೋಧಕಗಳು ಇರಲೇಬೇಕು. ಇಲ್ಲದಿದ್ದಲ್ಲಿ ಸಂಕೇತಗಳು ತುದಿಗೆ ಬಡಿದು ಹಿಂದಿರುಗಿ ಒಂದರೊಡನೊಂದು ಬೆರೆತುಹೋಗುತ್ತವೆ. ತಂತಿಯ ಒಳಗೆ ಕೆಂಪು ಮತ್ತು ಕಪ್ಪು ಎಳೆಗಳು ವಿದ್ಯುತ್ತಿಗೆ, ಬಿಳಿ ಮತ್ತು ನೀಲಿ ಎಳೆಗಳು ಸಂದೇಶಕ್ಕೆ ಮೀಸಲಾಗಿವೆ.

ಸಂವೇದಕವು ಈ ಜಾಲದ ಮೇಲೆ 127505 ಎಂಬ ಸಂಖ್ಯೆಯ ಸಂದೇಶವನ್ನು ಎರಡೂವರೆ ಸೆಕೆಂಡುಗಳಿಗೊಮ್ಮೆ ಕಳುಹಿಸುತ್ತದೆ. ಆ ಸಂದೇಶದಲ್ಲಿ ನಾಲ್ಕು ವಿಷಯಗಳಿರುತ್ತವೆ: ತೊಟ್ಟಿಯ ಕ್ರಮಸಂಖ್ಯೆ, ದ್ರವದ ಬಗೆ, ಶೇಕಡಾವಾರು ಮಟ್ಟ ಮತ್ತು ತೊಟ್ಟಿಯ ಒಟ್ಟು ಸಾಮರ್ಥ್ಯ. ಇಂಧನಕ್ಕೆ ಮಾತ್ರವಲ್ಲದೆ ಕುಡಿಯುವ ನೀರು, ಬಳಸಿದ ನೀರು, ಎಣ್ಣೆ ಮುಂತಾದ ದ್ರವಗಳಿಗೂ ಪ್ರತ್ಯೇಕ ಸಂಕೇತಗಳಿವೆ.

ಅಳವಡಿಸಲು ಸೂಕ್ತ ಕಾಲ

ಪಶ್ಚಿಮ ಕರಾವಳಿಯಲ್ಲಿ ಮೀನುಗಳ ಸಂತಾನಾಭಿವೃದ್ಧಿಗಾಗಿ ಕೇಂದ್ರ ಸರ್ಕಾರವು ವಿಶೇಷ ಆರ್ಥಿಕ ವಲಯದಲ್ಲಿ ಜೂನ್ 1 ರಿಂದ ಜುಲೈ 31 ರವರೆಗೆ 61 ದಿನಗಳ ಮೀನುಗಾರಿಕೆ ನಿಷೇಧವನ್ನು ವಿಧಿಸುತ್ತದೆ. ದೋಣಿಗಳು ದಡದಲ್ಲಿರುವ ಈ ಅವಧಿಯು ದುರಸ್ತಿಗೆ ಯೋಗ್ಯವಾದುದು. ಋತುವಿನ ಕೊನೆಯಲ್ಲಿ ತೊಟ್ಟಿಯಲ್ಲಿ ಡೀಸೆಲ್ ಕಡಿಮೆಯಾಗಿರುವುದರಿಂದ ಅದನ್ನು ಬರಿದುಮಾಡಿ ಒಳಭಾಗವನ್ನು ಶುಚಿಗೊಳಿಸಲೂ ಅನುಕೂಲ. ನಾರಳಿ ಪೌರ್ಣಮಿಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಹೊಸ ಋತುವನ್ನು ಸ್ವಾಗತಿಸುವ ಸಂಪ್ರದಾಯ ಕೋಳಿ ಜನರದು. ಆ ವೇಳೆಗೆ ಈ ಕೆಲಸವೂ ಮುಗಿದಿದ್ದರೆ ಒಳಿತು.

ಅಳವಡಿಕೆಯ ಹಂತಗಳು

1. ಮೊದಲು ಬ್ಯಾಟರಿಯ ಸಂಪರ್ಕವನ್ನು ಕಡಿದುಹಾಕಬೇಕು. ಯಂತ್ರದ ಕೋಣೆಗೆ ಚೆನ್ನಾಗಿ ಗಾಳಿಯಾಡುವಂತೆ ಮಾಡಬೇಕು. ಬೀಡಿ, ಸಿಗರೇಟು, ಬೆಂಕಿಗಳು ಹತ್ತಿರ ಸುಳಿಯಬಾರದು. ಪೆಟ್ರೋಲ್ ಬಳಸುವ ದೋಣಿಯಲ್ಲಿ ಈ ಎಚ್ಚರಿಕೆ ಇಮ್ಮಡಿಯಾಗಿರಬೇಕು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದರಿಂದ ದೋಣಿಯ ತಳದಲ್ಲಿ ಸಂಗ್ರಹವಾಗಿ ಸಣ್ಣ ಕಿಡಿಗೂ ಸ್ಫೋಟಗೊಳ್ಳುತ್ತದೆ. ಅಂತಹ ತೊಟ್ಟಿಗೆ ರಂಧ್ರ ಕೊರೆಯುವುದನ್ನು ಅನುಭವಿ ತಂತ್ರಜ್ಞರಿಗೇ ಬಿಡತಕ್ಕದ್ದು.

2. ತೊಟ್ಟಿಯ ಆಳವನ್ನು ಅಳೆದು ಅದಕ್ಕೆ ತಕ್ಕ ಉದ್ದದ ಸಂವೇದಕವನ್ನು ಆರಿಸಬೇಕು. ಅದು ತಳವನ್ನು ಮುಟ್ಟಬಾರದು.

3. ಸಂವೇದಕವನ್ನು ಸಾಧ್ಯವಾದಷ್ಟು ತೊಟ್ಟಿಯ ನಡುಭಾಗದಲ್ಲಿ ಕೂರಿಸಬೇಕು. ದೋಣಿಯು ಎಡಕ್ಕೆ ಅಥವಾ ಬಲಕ್ಕೆ ವಾಲಿದಾಗ ಅಂಚಿನಲ್ಲಿ ದ್ರವದ ಮಟ್ಟ ಬಹಳ ಬದಲಾಗುತ್ತದೆ. ನಡುವೆ ಬದಲಾವಣೆ ಕಡಿಮೆ. ಒಳಗಿನ ತಡೆಫಲಕಗಳಿಗೆ ತೇಲುಬುರುಡೆ ತಗಲದಂತೆ ನೋಡಿಕೊಳ್ಳಬೇಕು.

4. ರಂಧ್ರ ಕೊರೆದಾಗ ಬಿದ್ದ ಲೋಹದ ಚೂರುಗಳನ್ನು ಒಂದೂ ಉಳಿಯದಂತೆ ತೆಗೆಯಬೇಕು. ಉಳಿದ ಚೂರು ಮುಂದೆ ಇಂಧನದ ಕೊಳವೆಯನ್ನು ಸೇರಿ ಯಂತ್ರವನ್ನೇ ನಿಲ್ಲಿಸಬಹುದು. ಬಳಿಕ ಡೀಸೆಲಿಗೆ ಕರಗದ ರಬ್ಬರಿನ ಹಾಸನ್ನು ಇಟ್ಟು ತಿರುಪುಗಳನ್ನು ಸಮವಾಗಿ ಬಿಗಿಯಬೇಕು.

5. ಸಂವೇದಕದ ತಂತಿಯನ್ನು ಟಿ ಜೋಡಣೆಯ ಮೂಲಕ ಬೆನ್ನೆಲುಬಿಗೆ ಸೇರಿಸಬೇಕು. ಹಳೆಯ ಮಾದರಿಯ ರೋಧ ಸಂವೇದಕವಾದಲ್ಲಿ, ಅದರ ಸಂಕೇತವನ್ನು ಜಾಲದ ಭಾಷೆಗೆ ಮಾರ್ಪಡಿಸುವ ಪರಿವರ್ತಕವೊಂದನ್ನು ನಡುವೆ ಇಡಬೇಕಾಗುತ್ತದೆ.

6. ಜಾಲವು 12 ವೋಲ್ಟ್ ವ್ಯವಸ್ಥೆಗಾಗಿ ರೂಪಿತವಾದುದು. ದೋಣಿಯ ಬ್ಯಾಟರಿಗಳು 24 ವೋಲ್ಟಿನವಾದರೆ ಸೂಕ್ತ ಪರಿವರ್ತಕವಿಲ್ಲದೆ ಎಂದಿಗೂ ನೇರವಾಗಿ ಜೋಡಿಸಬಾರದು. ವಿದ್ಯುತ್ ಸಂಪರ್ಕವು ಫ್ಯೂಸಿನ ಮೂಲಕ ಹಾದುಬರಬೇಕು.

7. ವಿದ್ಯುತ್ ಕೊಡುವ ಮುನ್ನ, ಬಿಳಿ ಮತ್ತು ನೀಲಿ ಎಳೆಗಳ ನಡುವಣ ರೋಧವನ್ನು ಮಾಪಕದಿಂದ ಅಳೆಯಬೇಕು. ಸುಮಾರು 60 ಓಮ್ ಬಂದರೆ ಎರಡೂ ಅಂತ್ಯರೋಧಕಗಳು ಸರಿಯಾಗಿವೆ ಎಂದರ್ಥ. 120 ಬಂದರೆ ಒಂದು ರೋಧಕವಿಲ್ಲ ಅಥವಾ ತಂತಿ ತುಂಡಾಗಿದೆ. 40 ಬಂದರೆ ಮೂರನೆಯದೊಂದು ರೋಧಕ ಎಲ್ಲಿಯೋ ಸೇರಿಕೊಂಡಿದೆ.

8. ದೋಣಿಯಲ್ಲಿ ಎರಡು ಇಂಧನ ತೊಟ್ಟಿಗಳಿದ್ದಲ್ಲಿ ಅವುಗಳಿಗೆ ಬೇರೆ ಬೇರೆ ಕ್ರಮಸಂಖ್ಯೆಗಳನ್ನು ಕೊಡತಕ್ಕದ್ದು. ಎರಡಕ್ಕೂ ಒಂದೇ ಸಂಖ್ಯೆ ಇದ್ದರೆ ಪರದೆಯು ಒಮ್ಮೆ ಒಂದರ, ಮತ್ತೊಮ್ಮೆ ಇನ್ನೊಂದರ ಮಟ್ಟವನ್ನು ತೋರಿಸುತ್ತ ಗೊಂದಲ ಉಂಟುಮಾಡುತ್ತದೆ.

ಲೀಟರಿನಿಂದ ಲೀಟರಿಗೆ ತಾಳೆ

ಪರದೆಯ ಮೇಲೆ ಅಂಕಿ ಮೂಡಿದೊಡನೆ ಕೆಲಸ ಮುಗಿಯಿತೆಂದು ಭಾವಿಸುವುದು ದೊಡ್ಡ ತಪ್ಪು. ಸಂವೇದಕವು ಅಳೆಯುವುದು ಎತ್ತರವನ್ನು. ತಂಡೇಲನಿಗೆ ಬೇಕಾದುದು ಲೀಟರು. ತೊಟ್ಟಿಯು ಪೆಟ್ಟಿಗೆಯಂತೆ ಚೌಕಾಕಾರವಾಗಿದ್ದರೆ ಮಾತ್ರ ಇವೆರಡೂ ಒಂದೇ ಪ್ರಮಾಣದಲ್ಲಿರುತ್ತವೆ. ಆದರೆ ದೋಣಿಯ ತೊಟ್ಟಿಯು ಅನೇಕ ವೇಳೆ ದೋಣಿಯ ಒಡಲಿನ ಆಕಾರವನ್ನೇ ಅನುಸರಿಸಿ, ಮೇಲೆ ಅಗಲವಾಗಿಯೂ ಕೆಳಗೆ ಕಿರಿದಾಗಿಯೂ ಇರುತ್ತದೆ.

ಒಂದು ಉದಾಹರಣೆಯನ್ನು ನೋಡಬಹುದು. 1,000 ಲೀಟರಿನ ತೊಟ್ಟಿಯೊಂದು ತಳದಲ್ಲಿ ಚೂಪಾಗಿ, ಮೇಲೆ ಹೋದಂತೆ ಸಮವಾಗಿ ಅಗಲವಾಗುತ್ತದೆಂದು ಭಾವಿಸೋಣ. ಇದರಲ್ಲಿ ಡೀಸೆಲ್ ಅರ್ಧ ಎತ್ತರಕ್ಕೆ ಇಳಿದಾಗ ಪರದೆಯು ಶೇಕಡಾ 50 ಎಂದು ತೋರಿಸುತ್ತದೆ. ಆದರೆ ಒಳಗೆ ಉಳಿದಿರುವುದು 500 ಲೀಟರಲ್ಲ, 250 ಲೀಟರು ಮಾತ್ರ. ಗಂಟೆಗೆ 20 ಲೀಟರು ಸುಡುವ ಯಂತ್ರವಾದರೆ, ಇನ್ನೂ 25 ಗಂಟೆ ಸಾಗಬಹುದೆಂದು ತಂಡೇಲನು ನಂಬಿರುತ್ತಾನೆ; ನಿಜವಾಗಿ ಸಾಗಬಲ್ಲುದು 12 ಗಂಟೆ 30 ನಿಮಿಷ. ದಡವು 15 ಗಂಟೆಗಳ ದೂರದಲ್ಲಿದ್ದರೆ ಆ ದೋಣಿ ದಡ ಮುಟ್ಟುವುದಿಲ್ಲ. ಉಪಕರಣ ಕೆಟ್ಟಿಲ್ಲ, ಜಾಲ ಕೆಟ್ಟಿಲ್ಲ. ತಾಳೆ ನೋಡುವ ಒಂದು ಹಂತವನ್ನು ಬಿಟ್ಟುದೇ ಈ ಅಪಾಯಕ್ಕೆ ಕಾರಣ.

ಆದುದರಿಂದ ಋತುವಿನ ಮೊದಲ ಡೀಸೆಲನ್ನು ತುಂಬುವಾಗ ಈ ಕ್ರಮವನ್ನು ಅನುಸರಿಸಬೇಕು. ದೋಣಿಯು ನೀರಿನ ಮೇಲೆ, ತನ್ನ ಸಹಜ ಸಮತೋಲದಲ್ಲಿ ನಿಂತಿರಬೇಕು. ದಡದಲ್ಲಿ ಓರೆಯಾಗಿ ನಿಂತಿರುವಾಗ ಮಾಡಿದ ತಾಳೆಯು ಸಮುದ್ರದಲ್ಲಿ ಸುಳ್ಳಾಗುತ್ತದೆ. ಬರಿದಾದ ತೊಟ್ಟಿಗೆ ಒಟ್ಟು ಸಾಮರ್ಥ್ಯದ ಹತ್ತನೆಯ ಒಂದು ಭಾಗದಂತೆ ಅಳೆದು ಸುರಿಯಬೇಕು. ಪ್ರತಿಸಲವೂ ದ್ರವವು ನಿಶ್ಚಲವಾಗುವವರೆಗೆ ಕಾದು, ಪರದೆಯ ಅಂಕಿಯನ್ನೂ ಅಳತೆಕೋಲಿನ ಗುರುತನ್ನೂ ಬರೆದುಕೊಳ್ಳಬೇಕು. ಮೇಲಿನ ಉದಾಹರಣೆಯ ತೊಟ್ಟಿಯಲ್ಲಿ 250 ಲೀಟರಿಗೆ ಎತ್ತರವು ಶೇಕಡಾ 50, 500 ಲೀಟರಿಗೆ ಸುಮಾರು 71, 750 ಲೀಟರಿಗೆ ಸುಮಾರು 87 ಎಂದು ಬರುತ್ತದೆ. ಅನೇಕ ಸಂವೇದಕಗಳಲ್ಲಿ ಅಥವಾ ಪರದೆಗಳಲ್ಲಿ ಈ ಪಟ್ಟಿಯನ್ನು ದಾಖಲಿಸುವ ಅನುಕೂಲವಿದೆ. ಅದಿಲ್ಲದಿದ್ದರೆ, ಪಟ್ಟಿಯನ್ನು ಕಾಗದದ ಮೇಲೆ ಬರೆದು, ನೀರು ತಗಲದಂತೆ ಮುಚ್ಚಿ, ಚುಕ್ಕಾಣಿಯ ಬಳಿ ಅಂಟಿಸಿದರೂ ಸಾಕು.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಯಂತ್ರಕ್ಕೆ ಡೀಸೆಲ್ ಒಯ್ಯುವ ಕೊಳವೆಯ ಬಾಯಿಯು ತೊಟ್ಟಿಯ ತಳಕ್ಕಿಂತ ಸ್ವಲ್ಪ ಮೇಲಿರುತ್ತದೆ. ಅದರ ಕೆಳಗೆ ನಿಂತ ಇಂಧನವು ಯಂತ್ರಕ್ಕೆ ದೊರೆಯದು. ಆದುದರಿಂದ ಸೊನ್ನೆಯ ಗುರುತನ್ನು ತಳಕ್ಕಲ್ಲ, ಕೊಳವೆಯ ಬಾಯಿಯ ಮಟ್ಟಕ್ಕೆ ಇಡಬೇಕು.

ನಿರ್ವಹಣೆ ಮತ್ತು ಸುರಕ್ಷತೆ

ಉಪ್ಪುಗಾಳಿಯು ತಾಮ್ರದ ತುದಿಗಳನ್ನು ಬೇಗನೆ ಕಿಲುಬು ಹಿಡಿಸುತ್ತದೆ. ಜೋಡಣೆಗಳನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚಿ, ಒರೆಸಿ, ಮತ್ತೆ ಬಿಗಿಯಬೇಕು. ಅಲೆಗಳ ಹೊಯ್ದಾಟದಿಂದ ಅಂಕಿಯು ಏರಿಳಿಯುತ್ತಿದ್ದರೆ ಪರದೆಯಲ್ಲಿ ಸರಾಸರಿ ತೆಗೆಯುವ ಕಾಲವನ್ನು ಹೆಚ್ಚಿಸಬೇಕು. ಪ್ರತಿ ಯಾನಕ್ಕೆ ಮುನ್ನ ಧಕ್ಕೆಯಲ್ಲಿಯೇ ಅಳತೆಕೋಲನ್ನು ಇಳಿಸಿ ಪರದೆಯೊಂದಿಗೆ ಹೋಲಿಸುವ ಅಭ್ಯಾಸವನ್ನು ಬಿಡಬಾರದು. ಎರಡರ ನಡುವೆ ವ್ಯತ್ಯಾಸ ಕಂಡರೆ, ಕಾರಣ ತಿಳಿಯುವವರೆಗೆ ಕಡಿಮೆ ಇರುವ ಅಂಕಿಯನ್ನೇ ನಂಬುವುದು ವಿವೇಕ. ಒಟ್ಟು ಇಂಧನದ ಮೂರನೆಯ ಒಂದು ಭಾಗ ಹೋಗಲು, ಒಂದು ಭಾಗ ಮರಳಲು, ಉಳಿದ ಒಂದು ಭಾಗ ಆಪತ್ಕಾಲಕ್ಕೆ ಎಂಬುದು ನಾವಿಕರ ಹಳೆಯ ನಿಯಮ.

ಮುಂಬಯಿಗೆ ಸಮೀಪದ ಪಾಲ್ಘರ್‌ನಲ್ಲಿ 30 ಆಗಸ್ಟ್ 2024 ರಂದು, ಮೀನುಗಾರಿಕಾ ದೋಣಿಗಳಲ್ಲಿ ಸಂಪರ್ಕ ಮತ್ತು ನೆರವಿಗಾಗಿ ಒಂದು ಲಕ್ಷ ಟ್ರಾನ್ಸ್‌ಪಾಂಡರುಗಳನ್ನು ಹಂತಹಂತವಾಗಿ ಅಳವಡಿಸುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಚಾಲನೆ ನೀಡಲಾಯಿತು. ಈ ಉಪಕರಣವನ್ನು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ರೂಪಿಸಿದೆ. ಸಮುದ್ರದಲ್ಲಿ ಸಂಕಟಕ್ಕೆ ಸಿಲುಕಿದವರು 1554 ಸಂಖ್ಯೆಯ ಮೂಲಕ ಭಾರತೀಯ ತಟರಕ್ಷಣಾ ಪಡೆಯ ನೆರವನ್ನು ಕೋರಬಹುದು. ಇವೆಲ್ಲವೂ ಆಪತ್ತು ಬಂದ ಮೇಲಿನ ರಕ್ಷಣೆ. ತೊಟ್ಟಿಯ ಸರಿಯಾದ ಅಳತೆಯಾದರೋ ಆಪತ್ತು ಬಾರದಂತೆ ಮಾಡುವ ರಕ್ಷಣೆ.

ಜಾಲವು ಸಂವೇದಕ ಹೇಳಿದ್ದನ್ನು ಪ್ರಾಮಾಣಿಕವಾಗಿ ಪರದೆಗೆ ಮುಟ್ಟಿಸುತ್ತದೆ. ಹೇಳಿದ್ದು ನಿಜವೇ ಎಂದು ಅದು ವಿಚಾರಿಸುವುದಿಲ್ಲ. ಆ ವಿಚಾರಣೆಯನ್ನು ದಡದಲ್ಲಿರುವಾಗಲೇ, ಅಳತೆಕೋಲು ಮತ್ತು ಲೀಟರಿನ ಡಬ್ಬಿಯನ್ನು ಹಿಡಿದು ಮನುಷ್ಯನೇ ನಡೆಸಬೇಕು. ಹೀಗೆ ಒಂದು ದಿನದ ಶ್ರಮವನ್ನು ವಿನಿಯೋಗಿಸಿದ ದೋಣಿಯವರು ಇಡೀ ಋತುವಿನಲ್ಲಿ ತಮ್ಮ ಪರದೆಯ ಅಂಕಿಯನ್ನು ನಿಶ್ಚಿಂತೆಯಿಂದ ನಂಬಬಹುದು.